ನಾಲ್ಕನೆಯ ತಾಕು ದುಡಿಯದೆ ಕುಳಿತಿರುವ ಕುರಿತು

ಕ್ರಮಾಂಕ: ಬೆಸಲಾಮಾ/ತಾಕು-4/ಸೋಮಾರಿ/11 (ಮೂರನೆಯ ತಿದ್ದುಪಡಿ)
ಬೆಳೆ ಸರದಿ ಲಾಭ ಮಾಪನ ಶಾಖೆ, ಕೊಠಡಿ ಸಂಖ್ಯೆ 4, ಹಜಾರದ ಕೊನೆ, ನೀರಿನ ಡ್ರಮ್ಮಿನ ಪಕ್ಕ

ಸುತ್ತೋಲೆ

ವಿಷಯ: ಪ್ರಯೋಗದ ಹೊಲದ ಲಾಭವನ್ನು ಇಡಿಯಾಗಿ ನೋಡಬೇಕೆಂಬ ಕೋರಿಕೆಯನ್ನು ತಿರಸ್ಕರಿಸುವುದು, ಅದೇ ಕೋರಿಕೆ ಬೇರೆಯವರಿಂದ ಬಂದಾಗ ಒಪ್ಪಿಕೊಳ್ಳುವುದು, ಮತ್ತು ಒಂದು ಬಾಗಿಲು.

ಉಲ್ಲೇಖ:
(ಅ) ಪ್ರತಿ ತಾಕೂ ತನ್ನ ಕಾಲ ಮೇಲೆ ತಾನೇ ನಿಲ್ಲತಕ್ಕದ್ದು ಎಂಬ ಹಿಂದಿನ ಸುತ್ತೋಲೆ.
(ಆ) ತಾಕು ಮೇಲ್ವಿಚಾರಕಿಯವರ ಹನ್ನೊಂದು ಪತ್ರಗಳು. ಇವುಗಳಲ್ಲಿ ಒಂಬತ್ತು ಕಡತದಲ್ಲಿವೆ, ಒಂದು ಕಿಟಕಿಯ ಒಡೆದ ಗಾಜಿನ ಜಾಗದಲ್ಲಿದೆ, ಇನ್ನೊಂದರ ಮೇಲೆ ಮಾಪನಾಧಿಕಾರಿಯವರು ಚಹಾದ ಲೋಟ ಇಡುತ್ತಾರೆ.
(ಇ) ಮಾಪನಾಧಿಕಾರಿಯವರ ಎಡಗಾಲಿನ ಬೂಟು ನಾಲ್ಕನೆಯ ತಾಕಿನಲ್ಲಿ ಉಳಿದುಹೋದ ಬಗ್ಗೆ ಮಹಜರು.
(ಈ) ಅಂಟಿಸಿದ ಚೀಟಿ (ಹರಿದಿದೆ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಶಾಖೆಗಳಿಗೆ, ಎಲ್ಲ ತಾಕುಗಳಿಗೆ ಹಾಗೂ ಅವುಗಳ ನಡುವಿನ ಬದುಗಳಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಹಿನ್ನೆಲೆ. ಇಲಾಖೆಯ ಕಟ್ಟಡದ ಹಿಂದೆ ಪ್ರಯೋಗದ ಹೊಲವೊಂದಿದ್ದು, ಅದನ್ನು ಬದುಗಳ ಮೂಲಕ ನಾಲ್ಕು ತಾಕುಗಳಾಗಿ ತುಂಡು ಮಾಡಲಾಗಿದೆ. ಪ್ರತಿ ತಾಕಿನಲ್ಲೂ ಬಟಾಣಿ, ಸೂರ್ಯಕಾಂತಿ, ಸೆಣಬು, ಗೋಧಿ ಎಂಬ ಸರದಿಯಲ್ಲಿ ವರ್ಷಕ್ಕೊಂದು ಬೆಳೆಯನ್ನು ಹಾಕಲಾಗುತ್ತಿದೆ. ಇವುಗಳ ಪೈಕಿ ಸೆಣಬನ್ನು ಕೊಯ್ಯುವುದೂ ಇಲ್ಲ, ಮಾರುವುದೂ ಇಲ್ಲ. ಅದು ಎದೆಯೆತ್ತರ ಬೆಳೆದು ಹಳದಿ ಹೂ ಬಿಡುವ ಹೊತ್ತಿಗೆ, ನೋಡುವವರ ಕಣ್ಣೆದುರೇ, ಹಸಿಹಸಿಯಾಗಿ ಉತ್ತು ಮಣ್ಣಿಗೆ ಸೇರಿಸಲಾಗುತ್ತದೆ. ಸದರಿ ಕೃತ್ಯವನ್ನು ತಾಕು ಮೇಲ್ವಿಚಾರಕಿಯವರು (ಹೊಲದ ಆಳುಗಳ ಬಾಯಲ್ಲಿ ‘ಸೆಣಬಕ್ಕ’) ಹನ್ನೊಂದು ವರ್ಷಗಳಿಂದ ಬಹಿರಂಗವಾಗಿ ನಡೆಸಿಕೊಂಡು ಬಂದಿರುತ್ತಾರೆ.

2. ಅವರ ಪ್ರಯೋಗವು ಹನ್ನೆರಡು ವರ್ಷಗಳದ್ದು. ನಾಲ್ಕು ವರ್ಷದ ಸರದಿ ಮೂರು ಸುತ್ತು ಮುಗಿದ ಮೇಲೆಯೇ ಫಲಿತಾಂಶ ಹೇಳಲು ಬರುತ್ತದೆಂಬುದು ಅವರ ನಿಲುವು. ಈ ವರ್ಷ ಸೆಣಬಿನ ಸರದಿ ನಾಲ್ಕನೆಯ ತಾಕಿನದು. ಮುಂದಿನ ವರ್ಷ ಅಲ್ಲಿ ಗೋಧಿ ಬಂದು, ಅದನ್ನು ಕೊಯ್ದರೆ ಪ್ರಯೋಗ ಮುಗಿಯುತ್ತದೆ. ಆ ಕೊಯ್ಲಿನ ಮಾರನೆಯ ತಿಂಗಳು ಮೇಲ್ವಿಚಾರಕಿಯವರ ಸೇವೆಯೂ ಮುಗಿಯುತ್ತದೆ. ಎರಡೂ ಒಟ್ಟಿಗೆ ಮುಗಿಯುವುದು ಕಾಕತಾಳೀಯವಲ್ಲ, ಅವರು ಹಾಗೆಂದೇ ಎಣಿಸಿಟ್ಟುಕೊಂಡಿದ್ದಾರೆಂದು ತನಿಖೆಯಿಂದ ದೃಢಪಟ್ಟಿದೆ.

3. ಆದರೆ ಉಲ್ಲೇಖ (ಅ)ರ ಪ್ರಕಾರ ಪ್ರತಿ ತಾಕೂ ಪ್ರತಿ ವರ್ಷವೂ ತನ್ನ ಲಾಭವನ್ನು ತಾನೇ ತೋರಿಸತಕ್ಕದ್ದು. ನಾಲ್ಕನೆಯ ತಾಕು ಈ ಸಾಲಿನಲ್ಲಿ ಆದಾಯದ ಕಾಲಂನಲ್ಲಿ ಸೊನ್ನೆಯನ್ನು ತೋರಿಸಿರುವುದರಿಂದ ಅದನ್ನು ‘ಸೋಮಾರಿ ತಾಕು’ ಎಂದು ವರ್ಗೀಕರಿಸಿ, ಕಾರಣ ಕೇಳಿ ನೋಟಿಸನ್ನು ಗೂಟಕ್ಕೆ ಹೊಡೆದು ನೆಡಲಾಯಿತು. ಹದಿನೈದು ದಿನಗಳೊಳಗೆ ತಾಕಿನಿಂದ ಯಾವುದೇ ಉತ್ತರ ಬಾರದ ಕಾರಣ, ತಾಕು ತನ್ನ ತಪ್ಪನ್ನು ಒಪ್ಪಿಕೊಂಡಿದೆಯೆಂದು ಭಾವಿಸಲಾಗಿದೆ.

4. ಕಳೆದ ವರ್ಷ ಸೋಮಾರಿಯಾಗಿದ್ದುದು ಮೂರನೆಯ ತಾಕು, ಅದರ ಹಿಂದಿನ ವರ್ಷ ಎರಡನೆಯದು. ಸೋಮಾರಿತನವು ವರ್ಷಕ್ಕೊಮ್ಮೆ ಬದು ದಾಟಿ ಪಕ್ಕದ ತಾಕಿಗೆ ಅಂಟುತ್ತಿರುವುದು ಇದರಿಂದ ಸ್ಪಷ್ಟ. ಸಮಾಧಾನದ ಸಂಗತಿಯೆಂದರೆ, ನೋಟಿಸು ಪಡೆದ ಪ್ರತಿಯೊಂದು ತಾಕೂ ಮರುವರ್ಷವೇ ಇಲಾಖೆಯ ಬೇರಾವ ತಾಕಿಗಿಂತಲೂ ಹೆಚ್ಚು ಗೋಧಿಯನ್ನು, ಅದೂ ಅರ್ಧ ಗೊಬ್ಬರದಲ್ಲಿ, ಕೊಟ್ಟಿದೆ. ನೋಟಿಸಿನ ಭಯವೇ ಇದಕ್ಕೆ ಕಾರಣವೆಂದು ಮಾಪನ ಶಾಖೆಯು ಕಂಡುಕೊಂಡಿದ್ದು, ಈ ಸಾಧನೆಗಾಗಿ ಮಾಪನಾಧಿಕಾರಿಯವರಿಗೆ ಎರಡು ಬಾರಿ ಪ್ರಶಂಸಾ ಪತ್ರ ನೀಡಲಾಗಿದೆ. ಸೆಣಬಿಗೆ ನೀಡಿಲ್ಲ.

5. ಮೇಲ್ವಿಚಾರಕಿಯವರು ವಿಚಾರಣೆಯಲ್ಲಿ ನೀಡಿದ ಹೇಳಿಕೆಯನ್ನು ಅವರ ಮಾತಿನಲ್ಲೇ ದಾಖಲಿಸತಕ್ಕದ್ದೆಂಬ ನಿಯಮವಿರುವುದರಿಂದ, ವಿಷಾದದೊಂದಿಗೆ ಹಾಗೆಯೇ ದಾಖಲಿಸಲಾಗಿದೆ:

“ಸಾರ್, ಸೆಣಬಿನ ವರ್ಷ ಒಂದನ್ನೇ ಎತ್ತಿ ನೋಡಿದ್ರೆ ನಷ್ಟಾನೇ, ಇಲ್ಲ ಅಂದೋರು ಯಾರು? ಆದ್ರೆ ಅದರ ಬೆನ್ನಿಗೆ ಬರೋ ಗೋಧಿ ನೋಡಿ. ಗೊಬ್ಬರ ಅರ್ಧ ಸಾಕು. ಕಳೆ ಕಮ್ಮಿ, ರೋಗ ಕಮ್ಮಿ. ಒಂದು ತಾಕಲ್ಲ ಸಾರ್, ಇಡೀ ಹೊಲ ನೋಡಿ. ಒಂದು ವರ್ಷ ಅಲ್ಲ, ನಾಲ್ಕೂ ವರ್ಷ ಕೂಡಿಸಿ ನೋಡಿ. ಮನೇಲಿ ಅಡುಗೆ ಮಾಡೋರು ಸಂಬಳ ತರಲ್ಲ ಅಂತ ಒಲೆ ಆರಿಸಿಬಿಡ್ತೀರಾ? ಹನ್ನೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದೀನಿ. ಇನ್ನೊಂದೇ ಒಂದು ವರ್ಷ ಬಿಟ್ಕೊಡಿ. ಈಗ ನಿಲ್ಲಿಸಿದ್ರೆ ನಂಗೆ ಹೊಟ್ಟೆ ಉರಿಯುತ್ತೆ ಸಾರ್, ನಿಜವಾಗ್ಲೂ ಉರಿಯುತ್ತೆ.”

ಷರಾ: ಅಡುಗೆ ಮಾಡುವವರ ವಿಷಯ ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಹೊಟ್ಟೆ ಉರಿಯ ಬಗ್ಗೆ ವೈದ್ಯಕೀಯ ಪ್ರಮಾಣ ಪತ್ರ ಲಗತ್ತಿಸಿಲ್ಲ.

6. ಸದರಿ ಹೇಳಿಕೆಯಿಂದ ಹಲವು ಗಂಭೀರ ಅಕ್ರಮಗಳು ಬೆಳಕಿಗೆ ಬಂದಿದ್ದು, ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಲಾಗಿದೆ:

(ಕ) ಸೆಣಬು ಗಾಳಿಯಲ್ಲಿರುವ ಸಾರಜನಕವನ್ನು ಬೇರಿನಲ್ಲಿ ಹಿಡಿದಿಟ್ಟು, ಮುಂದಿನ ವರ್ಷದ ಗೋಧಿಗೆ ದಾಟಿಸುತ್ತಿದೆ. ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ವರ್ಗಾವಣೆ ಆದೇಶವಿಲ್ಲದೆ ಏನನ್ನೂ ದಾಟಿಸುವಂತಿಲ್ಲ. ಇನ್ನು ಮುಂದೆ ಸಾರಜನಕವು ಆರ್ಥಿಕ ವರ್ಷದ ಕೊನೆಯ ದಿನ ಸಂಜೆ ಐದರೊಳಗೆ ಮಣ್ಣಿನಿಂದ ಹೊರಬಂದು ಉಗ್ರಾಣಕ್ಕೆ ಜಮೆಯಾಗತಕ್ಕದ್ದು.

(ಖ) ಹೀಗೆ ಪುಕ್ಕಟೆ ಸಿಕ್ಕಿದ್ದನ್ನು ತಿಂದು ಬೆಳೆದ ಗೋಧಿಯು ಉಡುಗೊರೆ ಸ್ವೀಕರಿಸಿದ ಅಪರಾಧಕ್ಕೆ ಗುರಿಯಾಗಿದ್ದು, ಪ್ರತಿ ತೆನೆಯೂ ಘೋಷಣಾ ಪತ್ರ ಸಲ್ಲಿಸತಕ್ಕದ್ದು.

(ಗ) ಎರೆಹುಳುಗಳು ಬದುವಿನ ಅಡಿಯಿಂದ ಹಾದು ಎರಡೆರಡು ತಾಕುಗಳಲ್ಲಿ ದುಡಿಯುತ್ತಿರುವುದು ಕಂಡುಬಂದಿದೆ. ಪ್ರತಿ ಎರೆಹುಳುವೂ ತಾನು ಯಾವ ತಾಕಿಗೆ ಸೇರಿದ್ದೆಂದು ತಿಂಗಳ ಮೊದಲ ಸೋಮವಾರ ಹಾಜರಾತಿ ಕೊಡಬೇಕು. ತುಂಡಾದ ಹುಳುಗಳ ವಿಷಯದಲ್ಲಿ ತಲೆ ಇರುವ ಭಾಗದ ಹಾಜರಾತಿಯನ್ನು ಮಾತ್ರ ಪರಿಗಣಿಸಲಾಗುವುದು.

(ಘ) ಸೂರ್ಯಕಾಂತಿ ಅರಳಿದಾಗ ಬೇಲಿಯಾಚೆಯಿಂದ ಬರುವ ಜೇನ್ನೊಣಗಳಿಗೆ ಗೇಟ್ ಪಾಸ್ ಇರುವುದಿಲ್ಲ. ಗೇಟಿನ ಕಾವಲುಗಾರರಿಂದ ವಿವರಣೆ ಕೇಳಲಾಗಿದ್ದು, “ನೊಣಕ್ಕೆ ಸಲಾಂ ಹೊಡೆದು ನಿಲ್ಲಿಸ್ಲಾ ಸಾರ್?” ಎಂಬ ಅವರ ಉತ್ತರ ಉದ್ಧಟತನದ್ದೆಂದು ತೀರ್ಮಾನಿಸಲಾಗಿದೆ.

7. ಅಂಟಿಸಿದ ಚೀಟಿಯ ಬಗ್ಗೆ. ಲಾಭ ಮಾಪನದ ನಮೂನೆಯಲ್ಲಿ ‘ತಾಕು’ ಮತ್ತು ‘ವರ್ಷ’ ಎಂಬ ಎರಡೇ ಕಾಲಂಗಳಿವೆ. ‘ಇಡೀ ಹೊಲ’ ಎಂಬ ಕಾಲಂ ಇಲ್ಲ. ಮೇಲ್ವಿಚಾರಕಿಯವರು ಪ್ರತಿ ವರ್ಷವೂ ನಮೂನೆಯ ಬಲ ಅಂಚಿಗೆ ಉದ್ದನೆಯ ಚೀಟಿಯೊಂದನ್ನು ಗೋಂದಿನಿಂದ ಅಂಟಿಸಿ, ಅದರ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದು, ನಾಲ್ಕೂ ತಾಕುಗಳ ಒಟ್ಟು ಲಾಭವನ್ನು ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. ಚೀಟಿಯು ಕಡತದಿಂದ ನಾಲಿಗೆ ಚಾಚಿದಂತೆ ಹೊರಗೆ ಇಳಿಬಿದ್ದು, ಬೀರುವಿನ ಬಾಗಿಲಿಗೆ ಸಿಕ್ಕಿ, ಹತ್ತು ವರ್ಷಗಳಲ್ಲಿ ಹತ್ತು ಬಾರಿ ಹರಿದಿದೆ. ಹನ್ನೊಂದನೆಯ ಬಾರಿ ಅವರು ಬಟ್ಟೆಯ ಪಟ್ಟಿಯ ಮೇಲೆ ಬರೆದು ಹೊಲಿದು ತಂದರು. ಬಟ್ಟೆ ಹರಿಯಲಿಲ್ಲ, ಬೀರು ಮುಚ್ಚಲಿಲ್ಲ. ಕಾರಣ ಕತ್ತರಿಯಿಂದ ಕತ್ತರಿಸಲಾಯಿತು.

8. ಮಾದರಿ ಹೊಲದ ಯಶಸ್ಸು. ಹೋಲಿಕೆಗಾಗಿ ಮಾಪನಾಧಿಕಾರಿಯವರ ನೇರ ಉಸ್ತುವಾರಿಯಲ್ಲಿ, ರಸ್ತೆಯ ಆಚೆ ಬದಿ, ನಾಲ್ಕೂ ತಾಕುಗಳಲ್ಲಿ ವರ್ಷವೂ ಗೋಧಿಯೊಂದನ್ನೇ ಬೆಳೆಯಲಾಗುತ್ತಿದೆ. ಇಲ್ಲಿ ನಾಲ್ಕು ತಾಕುಗಳೂ ಪ್ರತಿ ವರ್ಷವೂ ಲಾಭ ತೋರಿಸಿವೆ. ಗೊಬ್ಬರ ವರ್ಷದಿಂದ ವರ್ಷಕ್ಕೆ ಹೆಚ್ಚು ಬೇಕಾಗುತ್ತಿದ್ದು ಆ ಖರ್ಚನ್ನು ಉಗ್ರಾಣಕ್ಕೆ, ಕಳೆ ಕೀಳುವ ಕೂಲಿಯನ್ನು ‘ಸ್ವಚ್ಛತೆ’ಗೆ, ರೋಗದ ಔಷಧಿಯನ್ನು ‘ಅತಿಥಿ ಸತ್ಕಾರ’ಕ್ಕೆ ಹಾಕಲಾಗುತ್ತಿರುವುದರಿಂದ ತಾಕುಗಳ ಲಾಭಕ್ಕೆ ಯಾವ ಧಕ್ಕೆಯೂ ಆಗಿಲ್ಲ.

9. ಹೀಗಿದ್ದರೂ ಮಾದರಿ ಹೊಲವು ಒಟ್ಟಾರೆ ನಷ್ಟದಲ್ಲಿದೆ. ನಾಲ್ಕೂ ತಾಕುಗಳು ಲಾಭದಲ್ಲಿದ್ದು ಹೊಲ ಮಾತ್ರ ನಷ್ಟದಲ್ಲಿರುವುದರಿಂದ, ನಷ್ಟವು ತಾಕುಗಳಲ್ಲದ ಜಾಗದಲ್ಲಿ, ಅಂದರೆ ಬದುಗಳ ಮೇಲೆ, ಸಂಭವಿಸುತ್ತಿದೆಯೆಂದು ತರ್ಕಬದ್ಧವಾಗಿ ತೀರ್ಮಾನಿಸಿ, ಮೂವರ ಸಮಿತಿಯೊಂದು ಬದುಗಳನ್ನು ಟೇಪು ಹಿಡಿದು ಅಳೆದಿದೆ. ಸಮಿತಿಯು ಒಂದು ಇಲಿಬಿಲವನ್ನು ಪತ್ತೆ ಹಚ್ಚಿದ್ದು, ನಷ್ಟ ಅದರೊಳಗೆ ಹೋಗಿರುವ ಸಾಧ್ಯತೆಯನ್ನು ತಳ್ಳಿಹಾಕಿಲ್ಲ. ಇದನ್ನು ಕೇಳಿದ ಮೇಲ್ವಿಚಾರಕಿಯವರು ನಕ್ಕಿರುವುದಾಗಿ ದೂರು ಬಂದಿದೆ.

10. ಆದುದರಿಂದ, ನಾಲ್ಕನೆಯ ತಾಕಿನ ಸೆಣಬನ್ನು ಉಳುವುದರ ಬದಲು ಬುಡಸಮೇತ ಕಿತ್ತು ಹೊರಹಾಕಿ, ಆ ಜಾಗಕ್ಕೆ ಡಾಂಬರು ಹಾಕಿಸಿ, ಇಲಾಖೆಯ ವಾಹನಗಳ ನಿಲುಗಡೆಗೆ ಬಳಸಲು ನಿರ್ಧರಿಸಲಾಯಿತು. ವಾಹನ ನಿಲುಗಡೆಯಿಂದ ಪ್ರತಿದಿನ ಆದಾಯ ಬರುತ್ತದೆ. ಇಲಾಖೆಯಲ್ಲಿ ಇರುವ ವಾಹನ ಒಂದೇ ಆಗಿದ್ದು ಅದು ರಿಪೇರಿಯಲ್ಲಿದ್ದರೂ, ಆದಾಯದ ಕಾಲಂನಲ್ಲಿ ಸೊನ್ನೆ ಇರುವುದಿಲ್ಲವೆಂಬುದು ಮುಖ್ಯ. ಆದೇಶ ಕೈಸೇರಿದ ದಿನ ಮೇಲ್ವಿಚಾರಕಿಯವರು ಮನೆಗೆ ಹೋಗಿ ಊಟ ಮಾಡದೆ, ಗೋಡೆಗೆ ಮುಖ ಮಾಡಿ ಮಲಗಿದರೆಂದು ವಿಶ್ವಸನೀಯ ಮೂಲಗಳಿಂದ (ಅವರ ಅಕ್ಕನಿಂದ, ಅಂದರೆ ಈ ಸುತ್ತೋಲೆಯ ಕರಡು ಬರೆಯುತ್ತಿರುವ ಗುಮಾಸ್ತರ ತಾಯಿಯಿಂದ) ತಿಳಿದುಬಂದಿದೆ.

11. ಈ ಹಂತದಲ್ಲಿ, ಗುಮಾಸ್ತರು ಮೇಲ್ವಿಚಾರಕಿಯವರಿಗೆ ಅಕ್ಕನ ಮಗನಾಗಬೇಕೆಂಬ ಸಂಗತಿಯನ್ನು ನಿಯಮಾನುಸಾರ ಘೋಷಿಸಲಾಗಿದೆ. ಈ ಸಂಬಂಧವು ಕರಡಿನ ಮೇಲೆ ಯಾವುದೇ ಪ್ರಭಾವ ಬೀರಿಲ್ಲ. ಮಾರನೆಯ ದಿನ ನೀರಿನ ಡ್ರಮ್ಮಿನ ಬಳಿ ಅವರಿಬ್ಬರ ನಡುವೆ ನಡೆದ ಮಾತುಕತೆ, ಮಾಪನಾಧಿಕಾರಿಯವರ ಕಿವಿಗೆ ಬಿದ್ದಷ್ಟು, ಹೀಗಿರುತ್ತದೆ. ಗುಮಾಸ್ತರು: “ಚಿಕ್ಕಮ್ಮಾ, ನನ್ನ ಕೈಲಿ ಏನಿದೆ ಹೇಳು?” ಮೇಲ್ವಿಚಾರಕಿಯವರು: “ಪೆನ್ನಿದೆಯಲ್ಲೋ.” ಇದರಲ್ಲಿ ಆಕ್ಷೇಪಾರ್ಹವಾದುದು ಏನೂ ಕಂಡುಬಂದಿಲ್ಲ. ಗುಮಾಸ್ತರ ಕೈಯಲ್ಲಿ ಆ ವೇಳೆ ಪೆನ್ನು ಇದ್ದದ್ದು ನಿಜ.

12. ತರುವಾಯ ಗುಮಾಸ್ತರು ಉಲ್ಲೇಖ (ಅ)ನ್ನು ಮೊದಲ ಬಾರಿಗೆ ಕೊನೆಯವರೆಗೆ ಓದಿದರು. ಅದರ ಕೊನೆಯ ಸಾಲಿನಲ್ಲಿ ಮಾಪನಾಧಿಕಾರಿಯವರು ಸ್ವಹಸ್ತದಿಂದ, “ಈ ನಿಯಮವು ಇಲಾಖೆಯ ಸ್ವಾಧೀನದಲ್ಲಿರುವ ಎಲ್ಲ ಸ್ಥಳಗಳಿಗೂ ವಿನಾಯಿತಿಯಿಲ್ಲದೆ ಅನ್ವಯಿಸುತ್ತದೆ” ಎಂದು ಸೇರಿಸಿ, ‘ಎಲ್ಲ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿರುತ್ತಾರೆ. ಅದರನ್ವಯ ಗುಮಾಸ್ತರು ಕಟ್ಟಡದ ಪ್ರತಿ ಕೊಠಡಿಗೂ ಒಂದೊಂದು ನಮೂನೆ ಭರ್ತಿ ಮಾಡಿದರು. ಬೀಜ ಮಾರಾಟದ ಒಂದನೆಯ ಕೊಠಡಿ ಲಾಭ ತೋರಿಸಿತು. ಮಣ್ಣು ಪರೀಕ್ಷೆಯ ಎರಡನೆಯದು ಶುಲ್ಕದಿಂದ ತನ್ನ ಮಾನ ಉಳಿಸಿಕೊಂಡಿತು. ಉಗ್ರಾಣವಿರುವ ಮೂರನೆಯದು ಹಳೇ ಚೀಲ ಮಾರಿ ಬಚಾವಾಯಿತು. ಮಾಪನ ಶಾಖೆಯ ನಾಲ್ಕನೆಯ ಕೊಠಡಿ ಆದಾಯದ ಕಾಲಂನಲ್ಲಿ ಸೊನ್ನೆಯನ್ನು ತೋರಿಸಿತು.

13. ನಿಯಮದಂತೆ ಸದರಿ ಕೊಠಡಿಯನ್ನು ‘ಸೋಮಾರಿ ಕೊಠಡಿ’ ಎಂದು ವರ್ಗೀಕರಿಸಿ, ನೋಟಿಸನ್ನು ಗೂಟಕ್ಕೆ ಹೊಡೆದು, ಗೂಟವನ್ನು ಮಾಪನಾಧಿಕಾರಿಯವರ ಮೇಜಿನ ಪಕ್ಕದ ಹೂಕುಂಡದಲ್ಲಿ ನೆಡಲಾಯಿತು. ಕೊಠಡಿಯನ್ನು ತೆರವುಗೊಳಿಸಿ ಸೈಕಲ್ ನಿಲುಗಡೆಗೆ ಬಳಸಲು ಪ್ರಸ್ತಾವನೆಯೂ ಸಿದ್ಧವಾಯಿತು. ತಾಕಿನಂತಲ್ಲದೆ, ಕೊಠಡಿಯಿಂದ ಅರ್ಧ ಗಂಟೆಯೊಳಗೆ ಉತ್ತರ ಬಂದಿದೆ.

14. ಮಾಪನಾಧಿಕಾರಿಯವರ ಮೇಲ್ಮನವಿಯ ಸಾರಾಂಶ: ನಾಲ್ಕನೆಯ ಕೊಠಡಿಯನ್ನು ಒಂಟಿಯಾಗಿ ನೋಡುವುದು ಅನ್ಯಾಯ. ಅದು ತಾನು ಗಳಿಸದಿದ್ದರೂ ಇತರ ಕೊಠಡಿಗಳ ಗಳಿಕೆಗೆ ಆಧಾರ. ಅದರ ಫಲ ಅದೇ ವರ್ಷ ಕಾಣದು, ಮುಂದಿನ ವರ್ಷಗಳಲ್ಲಿ ಬೇರೆಯವರಲ್ಲಿ ಕಾಣುತ್ತದೆ. ಆದ್ದರಿಂದ ಒಂದು ಕೊಠಡಿಯನ್ನಲ್ಲ, ಇಡೀ ಕಚೇರಿಯನ್ನು, ಒಂದು ವರ್ಷವನ್ನಲ್ಲ, ಹಲವು ವರ್ಷಗಳನ್ನು ಒಟ್ಟಾಗಿ ನೋಡಬೇಕು. ಅವರು ಕೊನೆಗೆ, ಇಪ್ಪತ್ತೆರಡು ವರ್ಷದ ಸೇವೆಯನ್ನು ಹೀಗೆ ಗಾಳಿಗೆ ತೂರಿದರೆ ತಮಗೆ ಹೊಟ್ಟೆ ಉರಿಯುತ್ತದೆಂದೂ ಬರೆದಿರುತ್ತಾರೆ. ವೈದ್ಯಕೀಯ ಪ್ರಮಾಣ ಪತ್ರ ಲಗತ್ತಿಸಲಾಗಿದೆ.

15. ಸದರಿ ಮೇಲ್ಮನವಿಯನ್ನು ಅದೇ ದಿನ, ಊಟದ ಬಿಡುವಿಗೆ ಮುಂಚೆ, ಮಾಪನಾಧಿಕಾರಿಯವರೇ ಪೂರ್ಣವಾಗಿ ಅಂಗೀಕರಿಸಿದರು. ಕೊಠಡಿಗಳ ನಮೂನೆಯಲ್ಲಿ ‘ಇಡೀ ಘಟಕ’ ಎಂಬ ಹೊಸ ಕಾಲಂ ಸೇರಿಸಿ ಎರಡು ಸಾವಿರ ಪ್ರತಿಗಳನ್ನು ದಪ್ಪ ಕಾಗದದಲ್ಲಿ ಮುದ್ರಿಸಲಾಗಿದೆ. ಹೊಸ ನಮೂನೆ ಹಿಡಿಸುವಂತೆ ಅಗಲವಾದ ಬೀರುವನ್ನೂ ಖರೀದಿಸಲಾಗಿದೆ. ಉಲ್ಲೇಖ (ಆ) ಮತ್ತು ಈ ಮೇಲ್ಮನವಿಯ ವಾದಗಳು ಒಂದೇ ಆಗಿರುವುದನ್ನು ಗುಮಾಸ್ತರು ಟಿಪ್ಪಣಿಯಲ್ಲಿ ಎತ್ತಿ ತೋರಿಸಿದ್ದು, ಅದಕ್ಕೆ “ಅದು ಹೊಲ, ಇದು ಕಚೇರಿ” ಎಂಬ ಷರಾದೊಂದಿಗೆ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ತಾಕಿಗೆ ಡಾಂಬರು ಹಾಕುವ ಆದೇಶ ಹಾಗೆಯೇ ಉಳಿದಿದೆ.

16. ‘ಕೊಠಡಿ’ ಎಂದರೆ ಏನೆಂಬ ವಿವರಣೆ. ಮುಂದೆ ಯಾವ ತಕರಾರೂ ಬಾರದಂತೆ ಕೊಠಡಿಯನ್ನು ನಿಖರವಾಗಿ ವ್ಯಾಖ್ಯಾನಿಸುವ ಹೊಣೆಯನ್ನು ಮಾಪನಾಧಿಕಾರಿಯವರೇ ಹೊತ್ತರು. ಕರಡಿನಲ್ಲಿ ಮೊದಲು ‘ಗೋಡೆ’ ಇತ್ತು. ನಾಲ್ಕನೆಯ ಕೊಠಡಿಯು ಹಜಾರದ ತುದಿಯಲ್ಲಿ ಮೂರು ಕಡೆ ಬೀರುಗಳಿಂದ, ಒಂದು ಕಡೆ ಬಾಗಿಲಿನಿಂದ ರಚಿತವಾಗಿದ್ದು ಅದಕ್ಕೆ ಗೋಡೆ ಇಲ್ಲವಾದ್ದರಿಂದ ಅದನ್ನು ಕೈಬಿಡಲಾಯಿತು. ‘ಸೋರದ ಚಾವಣಿ’ ಎಂಬುದನ್ನು ಡ್ರಮ್ಮನ್ನು ಅಲ್ಲಿ ಏಕೆ ಇಡಲಾಗಿದೆಯೆಂಬುದನ್ನು ನೆನೆದು ಕೈಬಿಡಲಾಯಿತು. ‘ಒಳಗೆ ಕೆಲಸ ನಡೆಯುತ್ತಿರಬೇಕು’ ಎಂಬ ಷರತ್ತನ್ನು ಮಾಪನಾಧಿಕಾರಿಯವರು ಬಹಳ ಹೊತ್ತು ನೋಡಿ, ತಾವೇ ಹೊಡೆದು ಹಾಕಿದರು. ಅಂತಿಮ ವ್ಯಾಖ್ಯಾನ ಇಂತಿದೆ: “ಬಾಗಿಲು ಮತ್ತು ಸಂಖ್ಯೆ ಉಳ್ಳ ಯಾವುದೇ ಸ್ಥಳ.”

17. ಈ ವ್ಯಾಖ್ಯಾನ ಸೂಚನಾ ಫಲಕದ ಮೇಲೆ ಬಿದ್ದ ದಿನ ಮೇಲ್ವಿಚಾರಕಿಯವರು ಫಲಕದೆದುರು ಹತ್ತು ನಿಮಿಷ ನಿಂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿರುತ್ತಾರೆ. ಅನಂತರ ಉಗ್ರಾಣಕ್ಕೆ ಹೋಗಿ, ‘ಒಂದು ಬಾಗಿಲು, ಹಳೆಯದು, ಚೌಕಟ್ಟು ಮತ್ತು ಬೀಗ ಸಹಿತ’ ಎಂದು ಬೇಡಿಕೆ ಪಟ್ಟಿ ಸಲ್ಲಿಸಿರುತ್ತಾರೆ. ಉಗ್ರಾಣದವರು ಜಾಗ ಖಾಲಿಯಾದೀತೆಂಬ ಖುಷಿಯಲ್ಲಿ ಮರುಮಾತಿಲ್ಲದೆ ಕೊಟ್ಟಿದ್ದಾರೆ.

18. ಸದರಿ ಬಾಗಿಲನ್ನು ನಾಲ್ಕನೆಯ ತಾಕಿಗೆ ಕಾಲುದಾರಿ ಸೇರುವಲ್ಲಿ ಗುಂಡಿ ತೋಡಿ ನೆಟ್ಟಗೆ ನಿಲ್ಲಿಸಲಾಗಿದೆ. ಅದರ ಮೇಲೆ ‘ಕೊಠಡಿ ಸಂಖ್ಯೆ 5’ ಎಂದು ದುಂಡಗಿನ ಅಕ್ಷರದಲ್ಲಿ ಬರೆಯಲಾಗಿದೆ. ಸುತ್ತ ನಾಲ್ಕು ಕಡೆಯೂ ಎದೆಯೆತ್ತರದ ಸೆಣಬು. ಡಾಂಬರಿನ ಗುತ್ತಿಗೆದಾರರು ರೋಲರ್ ಸಮೇತ ಬಂದು, ಬಾಗಿಲು ಮುಚ್ಚಿರುವುದನ್ನು ಕಂಡು, ಮೂರು ಸಲ ತಟ್ಟಿ, ಉತ್ತರ ಬಾರದಿದ್ದುದರಿಂದ ಹಿಂದಿರುಗಿರುತ್ತಾರೆ. “ಪಕ್ಕದಲ್ಲಿ ಹೋಗಬಹುದಿತ್ತಲ್ಲ” ಎಂಬ ಪ್ರಶ್ನೆಗೆ ಅವರು, “ಬಾಗಿಲು ಇದ್ಮೇಲೆ ಪಕ್ಕದಲ್ಲಿ ನುಗ್ಗೋಕೆ ನಾವೇನು ಕಳ್ರಾ?” ಎಂದು ಕೇಳಿರುತ್ತಾರೆ.

19. ಮಾಪನಾಧಿಕಾರಿಯವರು ಖುದ್ದು ಸ್ಥಳ ಪರಿಶೀಲನೆ ನಡೆಸಿದರು. ಬಾಗಿಲು ಇದೆ. ಸಂಖ್ಯೆ ಇದೆ. ಇದು ಕೊಠಡಿಯಲ್ಲವೆಂದು ಬರೆದರೆ ನಾಲ್ಕನೆಯ ಕೊಠಡಿಯೂ ಕೊಠಡಿಯಲ್ಲವೆಂದಾಗುತ್ತದೆಂಬುದನ್ನು ಗುಮಾಸ್ತರು ವಿನಯಪೂರ್ವಕವಾಗಿ ಅವರ ಗಮನಕ್ಕೆ ತಂದರು. ಮಾಪನಾಧಿಕಾರಿಯವರ ಬಾಯಿಗೆ ಬೀಗ ಬಿದ್ದುದನ್ನು ಸಮ್ಮತಿಯೆಂದು ಭಾವಿಸಲಾಗಿದೆ. ಹಿಂದೊಮ್ಮೆ ತಾಕಿನ ಮೌನವನ್ನೂ ಹೀಗೆಯೇ ಭಾವಿಸಲಾಗಿತ್ತು.

20. ಅದರಂತೆ ಈ ಮೂಲಕ ಆದೇಶಿಸಿರುವುದೇನೆಂದರೆ:

(ಕ) ನಾಲ್ಕನೆಯ ತಾಕು ಇನ್ನು ಮುಂದೆ ಐದನೆಯ ಕೊಠಡಿಯಾಗಿದ್ದು, ಅದರ ಲಾಭವನ್ನು ಹೊಸ ನಮೂನೆಯ ‘ಇಡೀ ಘಟಕ’ ಕಾಲಂನಲ್ಲಿ ಮಿಕ್ಕ ಮೂರು ತಾಕುಗಳೊಂದಿಗೆ, ಹನ್ನೆರಡೂ ವರ್ಷಗಳಿಗೆ ಸೇರಿಸಿ ನೋಡತಕ್ಕದ್ದು. ಚೀಟಿ ಅಂಟಿಸುವ ಅಗತ್ಯವಿಲ್ಲ. ಡಾಂಬರು ಹಾಕುವ ಆದೇಶವನ್ನು ರದ್ದುಪಡಿಸಲಾಗಿದೆ.

(ಖ) ಒಳಗೆ ಹೋಗುವವರು ಬಾಗಿಲು ತಟ್ಟಿ, ಬೂಟು ಬಿಚ್ಚಿಟ್ಟು ಹೋಗತಕ್ಕದ್ದು. ಉಲ್ಲೇಖ (ಇ)ರ ಬೂಟು ಉಳುವಾಗ ಸಿಕ್ಕರೆ ಮಣ್ಣಿಗೇ ಸೇರಿಸತಕ್ಕದ್ದು.

(ಗ) ಮುಂದಿನ ವರ್ಷ ಇಲ್ಲಿ ಗೋಧಿ ಹುಲುಸಾಗಿ ಬಂದಲ್ಲಿ ಅದರ ಶ್ರೇಯಸ್ಸು ಎಂದಿನಂತೆ ನೋಟಿಸಿಗೆ ಸಲ್ಲುವುದು.

(ಘ) ಬೀಗದ ಕೈಯನ್ನು ಕೂಡಲೇ ಕಚೇರಿಗೆ ಒಪ್ಪಿಸುವಂತೆ ಮೇಲ್ವಿಚಾರಕಿಯವರಿಗೆ ಸೂಚಿಸಲಾಗಿದ್ದು, ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾ, “ಗೋಧಿ ಕೊಯ್ದ ಮಾರನೇ ದಿನ ಕೊಡ್ತೀನಿ” ಎಂದಿರುವುದನ್ನು ದಾಖಲಿಸಿಕೊಳ್ಳಲಾಗಿದೆ.

(ಸಹಿ ಇದೆ)
ಮಾಪನಾಧಿಕಾರಿ
ಬೆಳೆ ಸರದಿ ಲಾಭ ಮಾಪನ ಶಾಖೆ
(ಇಡೀ ಘಟಕದ ದೃಷ್ಟಿಯಿಂದ ಉಳಿಸಿಕೊಳ್ಳಲಾದ ಹುದ್ದೆ)

ಪ್ರತಿಗಳು:
1. ಒಂದರಿಂದ ನಾಲ್ಕನೆಯ ಕೊಠಡಿಗಳಿಗೆ, ಮಾಹಿತಿಗಾಗಿ.
2. ಡಾಂಬರಿನ ಗುತ್ತಿಗೆದಾರರಿಗೆ, ಅವರ ಸಂಸ್ಕಾರವನ್ನು ಮೆಚ್ಚಿ.
3. ಮಾದರಿ ಹೊಲದ ಇಲಿಬಿಲಕ್ಕೆ, ನಷ್ಟವನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ.
4. ಗೇಟಿನ ಕಾವಲುಗಾರರಿಗೆ. ಜೇನ್ನೊಣಗಳಿಗೆ ಓದಿ ಹೇಳತಕ್ಕದ್ದು.
5. ಗುಮಾಸ್ತರ ತಾಯಿಯವರಿಗೆ, ತಂಗಿ ಎರಡು ಹೊತ್ತು ಊಟ ಮಾಡುತ್ತಿರುವ ಬಗ್ಗೆ ದೃಢೀಕರಣ ಕೋರಿ.
6. ತಾಕು ಮೇಲ್ವಿಚಾರಕಿಯವರಿಗೆ, ಐದನೆಯ ಕೊಠಡಿ. ಖುದ್ದಾಗಿ ತಲುಪಿಸತಕ್ಕದ್ದು. ಒಳಗೆ ಸೆಣಬು ಉಳುತ್ತಿದ್ದರೆ, ಕೊನೆಯ ಸಾಲು ಮುಗಿಯುವವರೆಗೆ ಬಾಗಿಲ ಹೊರಗೆ ನಿಂತು ಕಾಯತಕ್ಕದ್ದು.